ಫೈಟಿಂಗ್ ಸಿನಿಮಾದಾಗ ನಮ್ಮ ಅಪ್ಪ ಎಲ್ಲಿ ಅದಾನ?

(ಬೆಳಗಾವಿಯ ರಾಮತೀರ್ಥ ನಗರದಲ್ಲಿ ಸೇರಿದ ಸಭೆಯಲ್ಲಿ ನಾವು ಆಡಿದ ಮಾತು. ಅವತ್ತು ಬರಲಿಕ್ಕಾಗದವರು ಕೇಳಿದ್ದರಿಂದ ಬರೆದು ಕೊಟ್ಟಿದ್ದೇವೆ.)

ಬಂಧುಗಳೆ,

ಸಂಘಟನೆಯ ಸಭೆಯಲ್ಲಿ ಸಿನಿಮಾದ ಮಾತು ಯಾಕೆ ಎಂದು ಹಿರಿಯರೊಬ್ಬರು ಬಾಗಿಲಲ್ಲೇ ಕೇಳಿದರು. ಭೂಮಿಯ ಪ್ರಶ್ನೆ ಇದೆ, ಸ್ಮಶಾನದ ಜಾಗದ ತಕರಾರು ಇದೆ, ಹುಡುಗರ ನೌಕರಿಯ ಚಿಂತೆ ಇದೆ. ಅದನ್ನೆಲ್ಲ ಬಿಟ್ಟು ಹೀರೋಗಳ ಸುದ್ದಿ ಯಾಕ್ರೀ ಅಂದರು. ಅವರ ಮಾತು ತಪ್ಪಲ್ಲ. ಆದರೆ ಒಂದು ದಿನದ ಸಂಗತಿ ಹೇಳುತ್ತೇವೆ. ಹೇಳಲಿಕ್ಕೆ ನಮಗೇ ನಾಚಿಕೆ. ಕೇಳಿದ ಮೇಲೆ ಬೈಯಿರಿ.

2022ರ ಏಪ್ರಿಲ್ 14. ಬಾಬಾಸಾಹೇಬರ ಜಯಂತಿ. ಅದೇ ದಿನ 'ಕೆ.ಜಿ.ಎಫ್. ಚಾಪ್ಟರ್ 2' ಬಿಡುಗಡೆಯಾಯಿತು. ಬೆಳಿಗ್ಗೆ ನೀಲಿ ಬಾವುಟ ಕಟ್ಟುತ್ತಿದ್ದ ನಮ್ಮ ಹುಡುಗರಲ್ಲಿ ಎಷ್ಟೋ ಮಂದಿ ಮಧ್ಯಾಹ್ನದ ಹೊತ್ತಿಗೆ ಟಾಕೀಸಿನ ಮುಂದೆ ಇದ್ದರು. ಯಾರೋ ಬೇರೆಯವರ ಮೇಲೆ ಚಾಡಿ ಹೇಳುತ್ತಿಲ್ಲ, ಅವರೊಳಗೆ ನಾವೂ ಇದ್ದೆವು. ಸೀಟಿ ಹೊಡೆದೆವು, ಕಾಗದ ಹರಿದು ತೂರಿದೆವು, ಗಂಟಲು ಹರಿಯುವ ಹಾಗೆ ಕೂಗಿದೆವು. ರಾತ್ರಿ ಮನೆಗೆ ಬಂದಾಗ ನಮ್ಮಲ್ಲೊಬ್ಬನ ಅಪ್ಪ ಕಟ್ಟೆಯ ಮೇಲೆ ಕೂತಿದ್ದ. ಗೌಂಡಿ ಕೆಲಸದವ. ಈ ರಾಮತೀರ್ಥ ನಗರ ಬಡಾವಣೆ ಏಳುವಾಗ ಇಲ್ಲಿಯ ಎಷ್ಟೋ ಮನೆಗಳ ಗೋಡೆ ಕಟ್ಟಿದವ, ಯಾವ ಮನೆಯ ಒಳಕೋಣೆಯಲ್ಲೂ ಕೂತು ನೀರು ಕುಡಿಯದವ. "ಏನಿತ್ತೋ ಅದ್ರಾಗ?" ಎಂದು ಕೇಳಿದ. ಹುಡುಗ ಕೈ ಬೀಸಿ ಬೀಸಿ ಕತೆ ಹೇಳಿದ. ಎಲ್ಲ ಕೇಳಿಸಿಕೊಂಡು ಆತ ಒಂದೇ ಮಾತು ಕೇಳಿದ. "ಅವ್ನ ಅಪ್ಪ ಏನ್ ಮಾಡ್ತಿದ್ದ?" ಹುಡುಗ ತಡವರಿಸಿದ. "ಅಪ್ಪಂದೇನ್ ಭಾಳ ಇಲ್ಲಪಾ, ಎಲ್ಲಾ ಅವ್ವಂದ ಮಾತು" ಅಂದ. ಆಗ ಆ ಮನುಷ್ಯ ಬೀಡಿ ಆರಿಸಿ, "ಹಂಗಾರ ನಮ್ಮಂಥಾ ಅಪ್ಪಗೋಳು ಸಿನಿಮಾದಾಗ ಎಲ್ಲಿ ಇರ್ತೀವಿ?" ಎಂದು ಎದ್ದು ಒಳಗೆ ಹೋದ.

ಅವತ್ತು ಆ ಪ್ರಶ್ನೆಗೆ ನಮ್ಮಲ್ಲಿ ಯಾರ ಹತ್ತಿರವೂ ಉತ್ತರ ಇರಲಿಲ್ಲ. ಅದನ್ನು ಹುಡುಕುತ್ತಾ ಬಂದದ್ದನ್ನೇ ಇವತ್ತು ನಿಮ್ಮ ಮುಂದೆ ಇಡುತ್ತಿದ್ದೇವೆ.

ನಾವು ನೋಡಿದ ಫೈಟಿಂಗ್ ಸಿನಿಮಾಗಳನ್ನೆಲ್ಲ ಕೂತು ನೆನಪು ಮಾಡಿಕೊಂಡೆವು. ಬಡವನ ಮನೆಯ ಹೀರೋ ಇದ್ದರೆ ಅವನ ಅಪ್ಪ ಬಹುತೇಕ ಮೂರು ಥರ. ಮೊದಲನೆಯವ ಸತ್ತ ಅಪ್ಪ, ಗೋಡೆಯ ಮೇಲಿನ ಫೋಟೋ. ಎರಡನೆಯವ ಕುಡಿದು ಬಿದ್ದ ಅಪ್ಪ, ಇಲ್ಲವೆ ಬಿಟ್ಟು ಹೋದ ಅಪ್ಪ. ಮೂರನೆಯವ ಗೌಡನ ಮುಂದೆ ಟವೆಲನ್ನು ಕಂಕುಳಲ್ಲಿ ಹಿಡಿದು ಬಾಗಿ ನಿಂತ ಅಪ್ಪ. ಮೂವರಿಗೂ ಸಿನಿಮಾದಲ್ಲಿ ಇರುವ ಕೆಲಸ ಒಂದೇ: ಮಗನ ಸಿಟ್ಟಿಗೆ ಕಡ್ಡಿ ಗೀರುವುದು. ಬೆಂಕಿ ಹತ್ತಿದ ಮೇಲೆ ಕಡ್ಡಿಯನ್ನು ಯಾರು ನೋಡುತ್ತಾರೆ? ಎಸೆಯುತ್ತಾರೆ.

ಅದೇ ಸಿನಿಮಾದಲ್ಲಿ ದೊಡ್ಡಮನೆಯ ಅಪ್ಪನನ್ನು ನೋಡಿರಿ. ಅವನಿಗೆ ಮೀಸೆ ಇದೆ, ಕುರ್ಚಿ ಇದೆ, ಗೋಡೆಯ ಮೇಲೆ ಕತ್ತಿ ಇದೆ. ಮಗನಿಗೆ ಕೊಡಲಿಕ್ಕೆ ಹೆಸರಿದೆ, ಹೊಲವಿದೆ. ಅವನು ಖಳನಾಯಕನೇ ಆಗಿರಬಹುದು, ಆದರೂ ಅವನಿಗೆ ಒಂದು ತೂಕ ಕೊಟ್ಟಿರುತ್ತಾರೆ. ಅಂದರೆ ಅವರ ಅಪ್ಪಂದಿರು ಬಿಟ್ಟು ಹೋಗುವುದು ಆಸ್ತಿ, ನಮ್ಮ ಅಪ್ಪಂದಿರು ಬಿಟ್ಟು ಹೋಗುವುದು ಅವಮಾನ. ಮಗನಾದವನು ಆ ಅವಮಾನವನ್ನು ತೊಳೆಯಬೇಕು. ಹೇಗೆ? ಮಚ್ಚು ಹಿಡಿದು. ಆಗ ಮಾತ್ರ ಅವನು ಗಂಡಸು. ಅಪ್ಪ ಬಾಗಿದ್ದಕ್ಕೆ ಮಗನಿಗೆ ನಾಚಿಕೆ ಆಗುವುದನ್ನು ಕ್ಯಾಮೆರಾ ಹತ್ತಿರ ಹೋಗಿ ತೋರಿಸುತ್ತದೆ. ಅಪ್ಪನನ್ನು ಬಾಗಿಸಿದವರು ಯಾರು, ಎಷ್ಟು ತಲೆಮಾರಿನಿಂದ ಬಾಗಿಸಿದರು, ಬಾಗದಿದ್ದರೆ ಆ ಮನೆಯ ಗತಿ ಏನಾಗುತ್ತಿತ್ತು ಎಂಬುದನ್ನು ಕೇಳುವ ಪುರುಸೊತ್ತು ಸಿನಿಮಾಕ್ಕೆ ಇಲ್ಲ. ಅಷ್ಟರಲ್ಲಿ ಫೈಟು ಶುರುವಾಗಿರುತ್ತದೆ.

ಇಲ್ಲಿ ಅಪ್ಪನ ಹೆಸರಿನ ವಿಚಾರ ಹೇಳಲೇಬೇಕು. 'ಪುಷ್ಪ' ಸಿನಿಮಾ 2021ರ ಡಿಸೆಂಬರಿನಲ್ಲಿ ಬಂತು, ಕನ್ನಡದ ಮಾತಿನಲ್ಲೂ ಬಂತು. ರಕ್ತಚಂದನ ಕಡಿಯುವ ಕೂಲಿಯ ಕತೆ. ಆ ಕೂಲಿಯ ಎದೆಯಲ್ಲಿ ಇರುವ ಮುಳ್ಳು ಯಾವುದು? ಅಪ್ಪನ ಮನೆತನದ ಹೆಸರು. ಮದುವೆಯಾದ ಹೆಂಡತಿಯ ಮಕ್ಕಳು ಇವನಿಗೆ ಆ ಹೆಸರನ್ನು ಕೊಡುವುದಿಲ್ಲ. ಇಡೀ ಕಾಡನ್ನೇ ಗೆದ್ದರೂ ಆ ಹೆಸರು ಅವನಿಗೆ ಸಿಗುವುದಿಲ್ಲ. 2024ರ ಎರಡನೆಯ ಭಾಗದ ಕೊನೆಗೆ ಅಣ್ಣ ಆ ಹೆಸರು ಕೊಡುತ್ತಾನೆ, ಹೀರೋ ಕಣ್ಣೀರು ಹಾಕುತ್ತಾನೆ. ಜನ ಚಪ್ಪಾಳೆ ಹೊಡೆದರು, ನಮಗೂ ಗಂಟಲು ಕಟ್ಟಿತು.

ಹೊರಗೆ ಬಂದು ಚಹಾ ಕುಡಿಯುವಾಗ ನಮಗೆ ಹೊಳೆಯಿತು. ಇದು ನಮ್ಮ ಕತೆ ಅಲ್ಲ, ನಮ್ಮ ಕತೆಯ ತಿರುವುಮುರುವು. ಬೆಳಗಾವಿಯಲ್ಲಿ ಬಾಡಿಗೆ ಮನೆ ಕೇಳಲಿಕ್ಕೆ ಹೋಗಿರಿ. ಯಾರೂ ನಿಮ್ಮ ಜಾತಿ ಯಾವುದು ಎಂದು ಬಾಯಿಬಿಟ್ಟು ಕೇಳುವುದಿಲ್ಲ. ಭಾಳ ಸಭ್ಯರು. "ಅಡ್ಡಹೆಸರು ಏನ್ರೀ?" ಅಂತಾರೆ. ಅಡ್ಡಹೆಸರು ಅಂದರೆ ಅಪ್ಪನ ಹೆಸರು, ಅಜ್ಜನ ಹೆಸರು. ಅದನ್ನು ಹೇಳಿದ ಮೇಲೆ ಮನೆ ಆಗಲೇ ಯಾರಿಗೋ ಕೊಟ್ಟಾಗಿರುತ್ತದೆ. ಸಿನಿಮಾದ ಮಗ ಅಪ್ಪನ ಹೆಸರು ಬೇಕೆಂದು ಬಡಿದಾಡುತ್ತಾನೆ. ನಮ್ಮ ಮಗ ಅಪ್ಪನ ಹೆಸರು ಗೊತ್ತಾಗದಿರಲಿ ಎಂದು ನುಂಗಿಕೊಳ್ಳುತ್ತಾನೆ. ನಮ್ಮಲ್ಲೊಬ್ಬ ಶಾಲೆಯಲ್ಲಿದ್ದಾಗ ಅಪ್ಪನ ಉದ್ಯೋಗ ಎಂಬ ಕಡೆ 'ವ್ಯಾಪಾರ' ಎಂದು ಬರೆದಿದ್ದ. ಅವನ ಅಪ್ಪ ಸತ್ತ ದನ ಎಳೆಯುವವ, ಚರ್ಮ ಹದ ಮಾಡುವವ. ಒಂದು ದಿನ ಆ ಅಪ್ಪ ಮಗನ ಬುತ್ತಿ ಕೊಡಲಿಕ್ಕೆ ಶಾಲೆಯ ಗೇಟಿಗೆ ಬಂದಾಗ ಮಗ ಗೋಡೆಯ ಹಿಂದೆ ಅಡಗಿದ. ಬುತ್ತಿ ಗೇಟಿನ ಕಲ್ಲಿನ ಮೇಲೆ ಉಳಿಯಿತು. ಅಪ್ಪ ಆ ಮಾತನ್ನು ಸಾಯುವ ತನಕ ಎತ್ತಲಿಲ್ಲ. ಇದನ್ನು ಯಾವ ಸಿನಿಮಾದವರಾದರೂ ಯಾಕೆ ತೆಗೆಯುತ್ತಾರೆ? ಇದರಲ್ಲಿ ಫೈಟೇ ಇಲ್ಲವಲ್ಲ!

ಇನ್ನೂ ಒಂದು ಮಾತು. ಫೈಟಿಂಗ್ ಸಿನಿಮಾಗಳಲ್ಲಿ ಹೀರೋ ಎದುರಾಳಿಗೆ ಸವಾಲು ಹಾಕುವುದು ಹೇಗೆ? "ಒಬ್ಬ ಅಪ್ಪನಿಗೆ ಹುಟ್ಟಿದ್ದರೆ ಬಾ" ಎಂದು. ನಾವೂ ಓಣಿಯ ಜಗಳದಲ್ಲಿ ಇದನ್ನೇ ಅಂತೀವಿ, ಸುಳ್ಳು ಯಾಕೆ ಹೇಳೋಣ. ಈ ಸವಾಲಿನ ಹೊಟ್ಟೆಯಲ್ಲಿ ಏನಿದೆ? ಗಂಡಸುತನ ಅಂದರೆ ರಕ್ತದ ಶುದ್ಧಿ, ರಕ್ತದ ಶುದ್ಧಿಗೆ ಹೆಂಗಸಿನ ಮೇಲೆ ಕಾವಲು. 1916ರಲ್ಲಿ, ಇಪ್ಪತ್ತೈದು ವರ್ಷದ ಭೀಮರಾವ್ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಜಾತಿಯ ಬಗ್ಗೆ ಪ್ರಬಂಧ ಓದಿದಾಗ ಹೇಳಿದ್ದು ಇದನ್ನೇ. ತಮ್ಮ ತಮ್ಮೊಳಗೇ ಮದುವೆ ಎಂಬ ಕಟ್ಟಿನ ಮೇಲೆ ಜಾತಿ ನಿಂತಿದೆ, ಆ ಕಟ್ಟು ಉಳಿಯಲಿಕ್ಕೆ ಹೆಂಗಸನ್ನು ಬಿಗಿಯಬೇಕಾಯಿತು ಎಂಬುದು ಅವರ ತೀರ್ಮಾನದ ಸಾರ. ಸಿನಿಮಾದ ಹೀರೋ ಎಷ್ಟೇ ಬಡವನಿರಲಿ, ಈ ಸವಾಲು ಹಾಕಿದ ಗಳಿಗೆಗೆ ಅವನು ಜಾತಿಯ ಕಾವಲುಗಾರನೇ.

ಈ ಸವಾಲು ನಮ್ಮ ಜಿಲ್ಲೆಯಲ್ಲಿ ಯಾರ ಎದೆಗೆ ಬಡಿಯುತ್ತದೆ ಗೊತ್ತೆ? ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಹೋಗಿ ಬಂದ ಎಲ್ಲರಿಗೂ ಗೊತ್ತು. ದೇವರ ಹೆಸರಿನಲ್ಲಿ ಮುತ್ತು ಕಟ್ಟಿಸಿಕೊಂಡವರು ಬಹುಪಾಲು ನಮ್ಮ ಕೇರಿಯ ಹೆಣ್ಣುಮಕ್ಕಳು. 1982ರಲ್ಲಿ ಕರ್ನಾಟಕದಲ್ಲಿ ದೇವದಾಸಿ ಸಮರ್ಪಣೆಯನ್ನು ನಿಷೇಧಿಸುವ ಕಾನೂನು ಆಯಿತು. ಕಾನೂನು ಆದ ಮೇಲೂ ಆ ತಾಯಂದಿರ ಮಕ್ಕಳನ್ನು ಶಾಲೆಯಲ್ಲಿ, ಕಚೇರಿಯಲ್ಲಿ "ಅಪ್ಪನ ಹೆಸರು ಹೇಳು" ಎಂದು ನಿಲ್ಲಿಸಿದರು. ಅಪ್ಪ ಯಾರೆಂದು ಇಡೀ ಊರಿಗೆ ಗೊತ್ತಿರುತ್ತಿತ್ತು. ಅವನು ದೊಡ್ಡಮನೆಯಲ್ಲಿ ಮೀಸೆ ತಿರುವಿಕೊಂಡು ಕೂತಿರುತ್ತಿದ್ದ. ನಾಚಿಕೆ ಮಾತ್ರ ಮಗುವಿನ ಪಾಲಿಗೆ. ನಮ್ಮ ಜಿಲ್ಲೆಯ ಸೀತವ್ವ ಜೋಡಟ್ಟಿ, ತಾನೇ ದೇವದಾಸಿಯಾಗಿದ್ದವಳು, ಸಾವಿರಾರು ಹೆಣ್ಣುಮಕ್ಕಳನ್ನು ಕೂಡಿಸಿ ಈ ಪದ್ಧತಿಯ ವಿರುದ್ಧ ನಿಂತಳು. 2018ರಲ್ಲಿ ಆಕೆಗೆ ಪದ್ಮಶ್ರೀ ಬಂತು. ಆಕೆಯ ಹೋರಾಟದಲ್ಲಿ ಮಚ್ಚು ಇರಲಿಲ್ಲ. ನಾವು ಕೇಳುತ್ತೇವೆ: "ಒಬ್ಬ ಅಪ್ಪನಿಗೆ ಹುಟ್ಟಿದ್ದರೆ" ಎಂದು ಕೂಗುವ ಹೀರೋ ದೊಡ್ಡವನೋ, ಅಪ್ಪನ ಹೆಸರಿಲ್ಲದ ಮಕ್ಕಳ ಕೈ ಹಿಡಿದು ನಡೆಸಿದ ಸೀತವ್ವ ದೊಡ್ಡವಳೋ?

ಈಗ ಬಣ್ಣದ ಮಾತಿಗೆ ಬರೋಣ. ನಮ್ಮನ್ನು ಓಣಿಯಲ್ಲಿ, ಶಾಲೆಯಲ್ಲಿ 'ಕರಿಯ' ಎಂದು ಕರೆದರು. 2003ರಲ್ಲಿ 'ಕರಿಯ' ಎಂಬ ಹೆಸರಿನ ಕನ್ನಡ ಸಿನಿಮಾ ಬಂದಾಗ ಬೈಗುಳವೇ ಹೀರೋನ ಹೆಸರಾಯಿತಲ್ಲ ಎಂದು ನಾವು ಹಿಗ್ಗಿದೆವು. ಆದರೆ ಆ ಕರಿಯ ರೌಡಿ. ಕಪ್ಪು ಬಣ್ಣಕ್ಕೆ ಕೊಟ್ಟ ಗೌರವ ಅಂದರೆ ಕೈಗೆ ಲಾಂಗು ಕೊಟ್ಟದ್ದು ಅಷ್ಟೆ. 'ಪುಷ್ಪ'ದಲ್ಲಿ ಬೆಳ್ಳಗಿನ ನಟನಿಗೆ ಕಪ್ಪು ಬಳಿದು ಕೂಲಿ ಮಾಡಿದರು. ಶೂಟಿಂಗು ಮುಗಿದ ಮೇಲೆ ಸೋಪು ಹಚ್ಚಿದರೆ ಅದು ಹೋಗುತ್ತದೆ. ಆ ಹೀರೋ ಬಡವ, ಕೂಲಿ, ಅನಾಥ ಏನು ಬೇಕಾದರೂ ಆಗುತ್ತಾನೆ. ಆದರೆ ಮಾದರ ಓಣಿಯವ, ಹೊಲೆಯರ ಓಣಿಯವ ಎಂದು ಬಾಯಿಬಿಟ್ಟು ಹೇಳುವುದಿಲ್ಲ. ಬಣ್ಣ ಬಳಿದು ಕರಿಯನಾಗಲಿಕ್ಕೆ ಬರುತ್ತದೆ, ಬಣ್ಣ ಬಳಿದು ದಲಿತನಾಗಲಿಕ್ಕೆ ಬರುವುದಿಲ್ಲ.

ಅಮೆರಿಕದ ಕರಿಯರ ಹೋರಾಟದಿಂದ ನಾವು ಕಲಿತದ್ದು ಬಹಳ. 1946ರಲ್ಲಿ ಬಾಬಾಸಾಹೇಬರು ಅಲ್ಲಿಯ ಕರಿಯ ಚಿಂತಕ ಡುಬಾಯ್ಸ್ ಅವರಿಗೆ ಕಾಗದ ಬರೆದಿದ್ದರು. 1966ರಲ್ಲಿ ಅಲ್ಲಿಯ ಓಕ್‌ಲ್ಯಾಂಡ್ ಊರಿನಲ್ಲಿ ಬ್ಲ್ಯಾಕ್ ಪ್ಯಾಂಥರ್ ಪಕ್ಷ ಹುಟ್ಟಿತು. 1972ರಲ್ಲಿ ಮುಂಬಯಿಯಲ್ಲಿ ದಲಿತ ಪ್ಯಾಂಥರ್ ಹುಟ್ಟಿತು. ಹಾಗೆಂದು ಜಾತಿಯೂ ಜನಾಂಗವೂ ಒಂದೇ ಎಂದು ನಾವು ಹೇಳುವುದಿಲ್ಲ. ಬಾಬಾಸಾಹೇಬರೂ ಅದನ್ನು ಒಪ್ಪಲಿಲ್ಲ. ಆದರೆ ಒಂದು ಸಂಗತಿ ಎರಡೂ ಕಡೆ ಒಂದೇ: ಗುಲಾಮನನ್ನಾಗಿ ಮಾಡುವವರು ಮೊದಲು ಅಪ್ಪನನ್ನು ಅವನ ಮಕ್ಕಳ ಕಣ್ಣೆದುರೇ ಸಣ್ಣವನನ್ನಾಗಿ ಮಾಡುತ್ತಾರೆ.

2018ರಲ್ಲಿ 'ಬ್ಲ್ಯಾಕ್ ಪ್ಯಾಂಥರ್' ಎಂಬ ದೊಡ್ಡ ಫೈಟಿಂಗ್ ಸಿನಿಮಾ ಬಂತು. ಕರಿಯ ನಿರ್ದೇಶಕ ರಯಾನ್ ಕೂಗ್ಲರ್ ತೆಗೆದದ್ದು. ಅದೂ ಓಕ್‌ಲ್ಯಾಂಡಿನಲ್ಲೇ ಶುರುವಾಗುತ್ತದೆ. ಆಫ್ರಿಕದ ಕಲ್ಪನೆಯ ರಾಜ್ಯದ ರಾಜನೊಬ್ಬ ತನ್ನ ಸ್ವಂತ ತಮ್ಮನನ್ನು ಕೊಂದು, ತಮ್ಮನ ಮಗನನ್ನು ಅಮೆರಿಕದ ಬೀದಿಯಲ್ಲೇ ಬಿಟ್ಟು ಹೋಗಿರುತ್ತಾನೆ. ಆ ಹುಡುಗ ಬೆಳೆದು ಬೆಂಕಿಯಾಗಿ ಬರುತ್ತಾನೆ. ಆಗ ರಾಜನ ಮಗ ಸತ್ತ ಅಪ್ಪನ ಎದುರು ನಿಂತು ನೀನು ಮಾಡಿದ್ದು ತಪ್ಪು ಎಂದು ಹೇಳುತ್ತಾನೆ. ಆ ಸಿನಿಮಾದಲ್ಲಿ ಹಾರಾಟ, ಹೊಡೆದಾಟ ಬೇಕಾದಷ್ಟಿದೆ. ಆದರೂ ಅಪ್ಪನನ್ನು ಪ್ರಶ್ನೆ ಮಾಡುವ, ಅಪ್ಪನಿಗಾಗಿ ಅಳುವ ಜಾಗ ಅದರಲ್ಲಿದೆ. ಅದಕ್ಕೇ ಅದು ನಮ್ಮ ಮನಸ್ಸಿಗೆ ತಾಗಿತು.

ಗಂಡಸುತನಕ್ಕೂ ಜನಾಂಗಕ್ಕೂ ಗಂಟು ಹಾಕುವುದು ಸಿನಿಮಾದವರು ಹುಟ್ಟಿಸಿದ್ದಲ್ಲ. ಅದು ಸರಕಾರದ ಕಾಗದದಲ್ಲೇ ಇತ್ತು. ಇದಕ್ಕೆ ನಾವು ದೂರ ಹೋಗಬೇಕಾಗಿಲ್ಲ, ಬೆಳಗಾವಿಯಲ್ಲೇ ಸಾಕ್ಷಿ ಇದೆ. ಬಾಬಾಸಾಹೇಬರ ತಂದೆ ರಾಮಜಿ ಬ್ರಿಟಿಷರ ಸೈನ್ಯದಲ್ಲಿ ಸುಬೇದಾರರಾಗಿದ್ದವರು, ಪಲ್ಟಣದ ಶಾಲೆಯಲ್ಲಿ ಕಲಿಸಿದವರು. ಮಹಾರರು ತಲೆಮಾರುಗಳಿಂದ ಮುಂಬಯಿ ಸೈನ್ಯದಲ್ಲಿ ಇದ್ದರು. 1892ರ ಸುಮಾರಿಗೆ ಬ್ರಿಟಿಷರು ಅವರ ಭರ್ತಿ ನಿಲ್ಲಿಸಿದರು. ಕಾರಣ? ಕೆಲವು ಜನಾಂಗಗಳು ಮಾತ್ರ ಹುಟ್ಟಿನಿಂದ ವೀರರು, ಉಳಿದವರು ಅಲ್ಲ ಎಂಬ 'ಮಾರ್ಷಲ್ ರೇಸ್' ವಾದ. ನಿನ್ನೆ ತನಕ ಬಂದೂಕು ಹಿಡಿದವನು ಇವತ್ತು ಕಾಗದದ ಮೇಲೆ ಗಂಡಸಲ್ಲ! ಮೊದಲನೆಯ ಮಹಾಯುದ್ಧ ಬಂದು ಆಳು ಬೇಕಾದಾಗ 1917ರಲ್ಲಿ 111ನೆಯ ಮಹಾರ್ ಪಲ್ಟಣ ಕಟ್ಟಿದರು. ಯುದ್ಧ ಮುಗಿಯಿತು, 1921ರಲ್ಲಿ ಅದನ್ನು ಮುರಿದರು. ಬೇಕಾದಾಗ ವೀರ, ಬೇಡವಾದಾಗ ಹೊಲಸು. ಬಾಬಾಸಾಹೇಬರು 1941ರಲ್ಲಿ ವೈಸರಾಯರ ರಕ್ಷಣಾ ಸಲಹಾ ಸಮಿತಿಯಲ್ಲಿ ಕೂತರು. ಅದೇ ವರ್ಷ ಅಕ್ಟೋಬರ್ 1ರಂದು ಮಹಾರ್ ರೆಜಿಮೆಂಟಿನ ಮೊದಲ ಬೆಟಾಲಿಯನ್ ಹುಟ್ಟಿತು. ಎಲ್ಲಿ? ಇಲ್ಲಿ, ನಮ್ಮ ಬೆಳಗಾವಿಯಲ್ಲಿ. ಕ್ಯಾಂಪಿನ ಕಡೆ ದಿನಾ ಸೈಕಲ್ಲು ಹೊಡೆದುಕೊಂಡು ಹೋಗುವ ನಮ್ಮ ಹುಡುಗರಲ್ಲಿ ಎಷ್ಟು ಮಂದಿಗೆ ಇದು ಗೊತ್ತು? ಅವರಿಗೆ ಹೀರೋಗಳ ಬೈಕಿನ ನಂಬರು ಗೊತ್ತು.

ಆದರೆ ಸಮವಸ್ತ್ರ ತೊಟ್ಟ ಅಪ್ಪನಾದರೂ ಜಾತಿಯನ್ನು ಗೆದ್ದನೆ? ಕೇಳಿರಿ. ಸುಮಾರು 1901ರ ಮಾತು. ಬಾಬಾಸಾಹೇಬರೇ ಬರೆದಿದ್ದಾರೆ. ಸೈನ್ಯದಿಂದ ನಿವೃತ್ತಿಯಾದ ರಾಮಜಿ ಆಗ ಕೋರೆಗಾಂವದಲ್ಲಿ ಖಜಾಂಚಿ ಕೆಲಸದಲ್ಲಿದ್ದರು. ಬೇಸಿಗೆ ರಜೆಗೆ ಬರ್ರಿ ಎಂದು ಮಕ್ಕಳಿಗೆ ಕಾಗದ ಬರೆದರು. ಮಕ್ಕಳು ಹೊಸ ಅಂಗಿ, ಜರಿ ಟೋಪಿ ಹಾಕಿಕೊಂಡು ರೈಲು ಹತ್ತಿ ಮಸೂರ ಸ್ಟೇಶನ್ನಿನಲ್ಲಿ ಇಳಿದರು. ಮೀರಜದಿಂದ ಪುಣೆಗೆ ಹೋಗುವ ದಾರಿಯಲ್ಲಿ ನಾವು ಇವತ್ತಿಗೂ ದಾಟುವ ಸ್ಟೇಶನ್ನು ಅದು. ಅಪ್ಪ ಬಂದಿರಲಿಲ್ಲ. ತಾವು ಬರುತ್ತೇವೆಂದು ಮಕ್ಕಳು ಬರೆದ ಕಾಗದ ಅಪ್ಪನ ಕೈ ಸೇರಿರಲಿಲ್ಲ. ಮಕ್ಕಳು ಯಾರೆಂದು ತಿಳಿದೊಡನೆ ಸ್ಟೇಶನ್ ಮಾಸ್ತರನ ಮುಖ ಬದಲಾಯಿತು. ಯಾವ ಗಾಡಿಯವನೂ ಕೂಡಿಸಿಕೊಳ್ಳಲು ಒಪ್ಪಲಿಲ್ಲ. ಕೊನೆಗೆ ಎರಡು ಪಟ್ಟು ಬಾಡಿಗೆ ಕೊಟ್ಟು, ಹುಡುಗರೇ ಗಾಡಿ ಹೊಡೆದು, ಗಾಡಿಯವ ಪಕ್ಕದಲ್ಲಿ ನಡೆದು, ರಾತ್ರಿಯಿಡೀ ಕುಡಿಯಲಿಕ್ಕೆ ನೀರಿಲ್ಲದೆ ಮಕ್ಕಳು ಅಪ್ಪನನ್ನು ಮುಟ್ಟಿದರು.

ಬಂಧುಗಳೆ, ಸುಬೇದಾರನ ಮಕ್ಕಳಿಗೆ ನೀರು ಸಿಗಲಿಲ್ಲ. ಆ ಅಪ್ಪ ಏನು ಮಾಡಿದ? ಫೈಟು ಮಾಡಲಿಲ್ಲ. ಮುಂದೆ ಮುಂಬಯಿಯ ಒಂದೇ ಕೋಣೆಯ ಚಾಳಿನಲ್ಲಿ ಮಗನನ್ನು ಬೇಗ ಮಲಗಿಸಿ, ರಾತ್ರಿ ಎರಡು ಗಂಟೆಗೆ ಎಬ್ಬಿಸಿ ಓದಲಿಕ್ಕೆ ಕೂಡಿಸಿದ. ಮಗ ಪುಸ್ತಕ ಕೇಳಿದಾಗ ಮಗಳ ಒಡವೆ ಒತ್ತೆ ಇಟ್ಟು ತಂದುಕೊಟ್ಟ. ನಮ್ಮ ಚಳುವಳಿಯ ಬೇರು ಆ ಎರಡು ಗಂಟೆಯ ದೀಪದಲ್ಲಿದೆ. ಅದನ್ನು ನೋಡುವ ಕಣ್ಣು ಫೈಟಿಂಗ್ ಸಿನಿಮಾಕ್ಕೆ ಇಲ್ಲ.

ಎಲ್ಲ ಸಿನಿಮಾಗಳೂ ಕುರುಡು ಎಂದು ಹೇಳಿದರೆ ಅದು ಅನ್ಯಾಯ. ನಮ್ಮಪ್ಪನನ್ನು ಕಂಡ ಕೆಲವು ಇವೆ. ಕಾರಂತರ ಕಾದಂಬರಿ 'ಚೋಮನ ದುಡಿ'ಯನ್ನು ಬಿ. ವಿ. ಕಾರಂತರು 1975ರಲ್ಲಿ ಸಿನಿಮಾ ಮಾಡಿದರು, ಅದಕ್ಕೆ ಸ್ವರ್ಣಕಮಲ ಬಂತು. ತುಂಡು ಹೊಲ ಉಳುವ ಆಸೆ ಬಿಟ್ಟು ಬೇರೇನೂ ಇಲ್ಲದ ಅಪ್ಪ ಚೋಮ. ಅವನ ಮಗ ಹೊಳೆಯಲ್ಲಿ ಮುಳುಗುವಾಗ ಮುಟ್ಟಿದರೆ ಮೈಲಿಗೆ ಎಂದು ದಂಡೆಯ ಮೇಲಿದ್ದವರು ನಿಂತು ನೋಡಿದರು. ಕಂಡವರ ಕರುಳು ಹಿಂಡುವ ಸಿನಿಮಾ. ಆದರೆ ಅದರಲ್ಲಿ ಚೋಮನಿಗೆ ಸಾಯುವುದೊಂದೇ ದಾರಿ.

2013ರಲ್ಲಿ ನಾಗರಾಜ ಮಂಜುಳೆ ಮರಾಠಿಯಲ್ಲಿ 'ಫಂಡ್ರಿ' ಮಾಡಿದರು. ನಮ್ಮ ಗಡಿಯ ಈಚೆಯ ಹುಡುಗರೂ ನೋಡಿದರು. ಕೈಕಾಡಿ ಜಾತಿಯ ಅಪ್ಪ ಊರಿನವರ ಅಪ್ಪಣೆಯಂತೆ ಹಂದಿ ಹಿಡಿಯಬೇಕು. ಶಾಲೆಯ ಹುಡುಗರು ನಗುತ್ತಾ ನೋಡುತ್ತಾರೆ, ಅವನ ಮಗ ಜಬ್ಯಾ ನಾಚಿ ಅಡಗುತ್ತಾನೆ. ಗೋಡೆಯ ಹಿಂದೆ ಅಡಗಿದ ನಮ್ಮ ಗೆಳೆಯ ಇದನ್ನು ನೋಡಿ ಎದ್ದು ಹೊರಗೆ ಹೋದ. ಕೊನೆಗೆ ಜಬ್ಯಾ ಕಲ್ಲು ಬೀಸುತ್ತಾನೆ. ಅದು ಬರುವುದು ನೋಡುತ್ತಾ ಕೂತವರ ಮುಖಕ್ಕೆ. ತಪ್ಪು ಅಪ್ಪನದಲ್ಲ, ನಗುವವರದು ಎಂದು ಆ ಒಂದು ಕಲ್ಲು ಹೇಳುತ್ತದೆ.

2019ರ ತಮಿಳು ಸಿನಿಮಾ 'ಅಸುರನ್' ಪಕ್ಕಾ ಫೈಟಿಂಗ್ ಸಿನಿಮಾ. ಪೂಮಣಿಯವರ ಕಾದಂಬರಿಯಿಂದ ವೆಟ್ರಿಮಾರನ್ ತೆಗೆದದ್ದು. ಅದರ ಅಪ್ಪ ಶಿವಸಾಮಿ ಹಿರಿಯ ಮಗನನ್ನು ಬಿಡಿಸಿಕೊಳ್ಳಲಿಕ್ಕೆ ಮೇಲ್ಜಾತಿಯ ಮನೆ ಮನೆಗೆ ಹೋಗಿ ಒಬ್ಬೊಬ್ಬರ ಕಾಲಿಗೂ ಬೀಳುತ್ತಾನೆ. ಮಕ್ಕಳಿಗೆ ಅಪ್ಪ ಹೇಡಿ ಎನ್ನಿಸುತ್ತದೆ. ಆಮೇಲೆ ಗೊತ್ತಾಗುತ್ತದೆ, ಈ ಮನುಷ್ಯ ಹಿಂದೆ ಭೂಮಿಗಾಗಿ ಎದ್ದು ನಿಂತವ, ಆ ಕಾರಣಕ್ಕೇ ತನ್ನವರನ್ನೆಲ್ಲ ಬೆಂಕಿಯಲ್ಲಿ ಕಳೆದುಕೊಂಡವ. ಅವನು ಬಾಗಿದ್ದು ಹೆದರಿಕೆಯಿಂದಲ್ಲ, ಲೆಕ್ಕ ಹಾಕಿ. ಬೆನ್ನು ಬಾಗಿದರೆ ಮಗ ಉಳಿಯುತ್ತಾನೆ ಎಂಬ ಲೆಕ್ಕ. ಕಡೆಗೆ ಅವನು ಮಗನಿಗೆ ಕೊಡುವುದು ಆಯುಧವಲ್ಲ. ಹೊಲ ಕಸಿಯಬಹುದು, ದುಡ್ಡು ಕಸಿಯಬಹುದು, ಓದನ್ನು ಕಸಿಯಲಾರರು ಎಂಬ ಮಾತು ಕೊಟ್ಟು ತಾನು ಕೋರ್ಟಿನ ಒಳಗೆ ನಡೆಯುತ್ತಾನೆ. ಪಾ. ರಂಜಿತ್ ಅವರ 'ಕಬಾಲಿ'ಯಲ್ಲಿ (2016) ಜೈಲಿನ ಕೋಣೆಯಲ್ಲಿ ಹೀರೋ ಓದುತ್ತಾ ಕೂತ ಪುಸ್ತಕ ವೈ. ಬಿ. ಸತ್ಯನಾರಾಯಣ ಅವರ 'ಮೈ ಫಾದರ್ ಬಾಲಯ್ಯ'. ರೈಲ್ವೆಯಲ್ಲಿ ದುಡಿದು ಮಕ್ಕಳನ್ನು ಓದಿಸಿದ ತೆಲಂಗಾಣದ ಮಾದಿಗ ಅಪ್ಪನ ಕತೆ. ಸೂಪರ್ ಸ್ಟಾರಿನ ಕೈಯಲ್ಲಿ ನಮ್ಮ ಅಪ್ಪನ ಪುಸ್ತಕ! ಇದು ಸಣ್ಣ ಸಂಗತಿ ಅಲ್ಲ.

ಹಾಗಾದರೆ ನಾವು ಕಾಗದ ತೂರಿದ 'ಕೆ.ಜಿ.ಎಫ್.' ಏನು ಮಾಡಿತು? ಅದರಲ್ಲಿ ಗಣಿಯ ಕೂಲಿಗಳು ಬಾಯಿಲ್ಲದ ಗುಲಾಮರು. ಯಾರೋ ಒಬ್ಬ ಬರುತ್ತಾನೆ, ಕಡಿಯುತ್ತಾನೆ, ಬಿಡಿಸುತ್ತಾನೆ. ನಿಜವಾದ ಕೋಲಾರದ ಚಿನ್ನದ ಗಣಿಯಲ್ಲಿ ಸುರಂಗಕ್ಕೆ ಇಳಿದವರು ಬಹುಪಾಲು ತಮಿಳು, ತೆಲುಗು ಮಾತಾಡುವ ದಲಿತರು. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗಿಂತ ಆಳ. ಆ ಆಳದಲ್ಲಿ ಬಂಡೆ ಸಿಡಿದು ಸತ್ತವರು, ಧೂಳು ಕುಡಿದು ಎದೆ ಕಲ್ಲಾಗಿ ಸತ್ತವರು ನಮ್ಮ ಅಪ್ಪಂದಿರು. ಅವರು ಬಾಯಿಲ್ಲದವರೆ? 1930ರಲ್ಲಿ ಬೆರಳಚ್ಚು ಕೊಡಬೇಕೆಂಬ ಕಂಪನಿಯ ಕಟ್ಟಳೆಗೆ ನಾವೇನು ಕಳ್ಳರೆ ಎಂದು ಸಾವಿರಾರು ಮಂದಿ ಮುಷ್ಕರ ಹೂಡಿದರು. ಬೌದ್ಧ ಸಂಘ ಕಟ್ಟಿದರು, ಕೆಂಪು ಬಾವುಟ ಹಿಡಿದರು, ರಿಪಬ್ಲಿಕನ್ ಪಕ್ಷದವರನ್ನು ವಿಧಾನಸಭೆಗೆ ಕಳಿಸಿದರು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಉಳಿದದ್ದು ಸಯನೈಡ್ ಮಣ್ಣಿನ ಗುಡ್ಡ. ಆ ಗುಡ್ಡದ ಮೇಲೆ ಸಿನಿಮಾದ ಸೆಟ್ಟು ಹಾಕಿದರು. ಅಪ್ಪಂದಿರು ತೋಡಿದ ಮಣ್ಣು ಬೇಕಾಯಿತು, ಅಪ್ಪಂದಿರ ಬಾಯಿ ಬೇಡವಾಯಿತು. ನಾವು ಬಾಬಾಸಾಹೇಬರ ಜಯಂತಿಯ ದಿನ ಅದಕ್ಕೇ ಸೀಟಿ ಹೊಡೆದೆವು.

ಭೂಮಿಯ ಕತೆಯೂ ಹಾಗೇ. 2023ರ ಕೊನೆಗೆ ಬಂದ 'ಕಾಟೇರ' ಉಳುವವನಿಗೆ ಭೂಮಿಯ ಕಾನೂನನ್ನು ತೆರೆಗೆ ತಂದಿತು, ಒಳ್ಳೆಯದು. ಆದರೆ ಅಲ್ಲೂ ಕೊನೆಗೆ ನೆನಪಿನಲ್ಲಿ ಉಳಿಯುವುದು ಹೀರೋನ ಕೈಯ ಮಚ್ಚು. 1974ರ ಮೇಲೆ ನಮ್ಮ ಹಿರಿಯರು ಏಳನೇ ನಂಬರಿನ ಅರ್ಜಿ ಹಿಡಿದು ಭೂನ್ಯಾಯ ಮಂಡಳಿಯ ಮುಂದೆ ದಿನಗಟ್ಟಲೆ ಕೂತರು. ಗೇಣಿಯೂ ಇಲ್ಲದೆ ಬರೀ ಕೂಲಿಯಾಗಿದ್ದ ನಮ್ಮವರಲ್ಲಿ ಹೆಚ್ಚಿನವರಿಗೆ ಅರ್ಜಿ ಹಾಕಲಿಕ್ಕೂ ದಾರಿ ಇರಲಿಲ್ಲ. ಕಚೇರಿಯ ಬಾಗಿಲಲ್ಲಿ ಕೂತು ಕಾಯ್ದ ಅಪ್ಪನ ತಾಳ್ಮೆಯನ್ನು ತೆರೆಯ ಮೇಲೆ ಗಂಡಸುತನ ಎಂದು ಯಾರು ಕರೆದಾರು?

ಬಂಧುಗಳೆ, ಇಲ್ಲಿ ನಿಲ್ಲಿಸಿದರೆ ನಾವು ಅರ್ಧ ಸತ್ಯ ಹೇಳಿದಂತೆ. ಹಿಂದೆ ಕೂತ ಅವ್ವಂದಿರು ಒಬ್ಬರನ್ನೊಬ್ಬರು ನೋಡಿ ನಗುವುದು ನಮಗೆ ಕಾಣುತ್ತಿದೆ. ನಮ್ಮ ಅಪ್ಪಂದಿರೆಲ್ಲ ಸಂತರಲ್ಲ. ಹಗಲೆಲ್ಲ ದೊಡ್ಡಮನೆಯ ಅಂಗಳದಲ್ಲಿ ಬಾಗಿದ ತಲೆ ರಾತ್ರಿ ಮನೆಯಲ್ಲಿ ಅವ್ವನ ಮುಂದೆ ಎದ್ದು ನಿಂತಿತು. ಅಲ್ಲಿ ಆಗದ ಹೊಡೆತ ಇಲ್ಲಿ ಬಿತ್ತು. ಖಾನಾಪುರದ ಹಂಚಿನ ಭಟ್ಟಿಯಲ್ಲಿ ಗಂಡನ ಜೋಡಿ ಮಣ್ಣು ಹೊತ್ತ ಅವ್ವ ಮನೆಗೆ ಬಂದು ಒಲೆ ಹಚ್ಚಿದಳು, ಏಟೂ ತಿಂದಳು. ಅಪ್ಪನನ್ನು ಬಾಗಿಸಿದವರು ಯಾರು ಎಂದು ಕೇಳುವ ನಾವು, ಅವ್ವನನ್ನು ಹೊಡೆದವರು ಯಾರು ಎಂದೂ ಕೇಳಬೇಕು. ಜಾತಿ ಕಸಿದುಕೊಂಡ ಮಾನವನ್ನು ಹೆಂಡತಿಯ ಬೆನ್ನಿನ ಮೇಲೆ ಹುಡುಕಿದರೆ ಅದು ಸಿಗುವುದಿಲ್ಲ. 1942ರ ಜುಲೈನಲ್ಲಿ ನಾಗಪುರದಲ್ಲಿ ಸೇರಿದ ನಮ್ಮ ಹೆಣ್ಣುಮಕ್ಕಳ ಪರಿಷತ್ತಿನಲ್ಲಿ ಬಾಬಾಸಾಹೇಬರು, ಮದುವೆಯಾದವಳು ಗಂಡನಿಗೆ ಗೆಳತಿಯಾಗಿ ಸರಿಸಮ ನಿಲ್ಲಲಿ, ಗುಲಾಮಳಾಗಲು ಒಪ್ಪದಿರಲಿ ಎಂದರು. ಅದನ್ನು ಕೇಳದ ಗಂಡಸು ನೀಲಿ ಬಾವುಟ ಹಿಡಿದರೇನು, ಮಚ್ಚು ಹಿಡಿದರೇನು?

ಸಿನಿಮಾದ ಹೀರೋ ನಮ್ಮ ಹುಡುಗರಿಗೆ ಕಲಿಸುತ್ತಿರುವುದು ಈ ಹಳೆಯ ರೋಗವನ್ನೇ. ಗಡ್ಡ ಬಿಡು, ಸಿಗರೇಟು ಹಚ್ಚು, ಹುಡುಗಿ ಒಲ್ಲೆ ಅಂದರೂ ಬೆನ್ನು ಹತ್ತು, ಅಳಬೇಡ, ಯಾರ ಮಾತೂ ಕೇಳಬೇಡ. ಇದನ್ನು ನಂಬಿ ಬೀದಿಗೆ ಇಳಿದ ನಮ್ಮ ಹುಡುಗನ ಮೇಲೆ ಪೊಲೀಸರು ಕೇಸು ಹಾಕುತ್ತಾರೆ. ಜಾಮೀನಿಗೆ ಓಡಾಡುವವ ಯಾರು? ಅದೇ ಅಪ್ಪ, ಟವೆಲು ಹಿಡಿದು ಬಾಗಿದವ.

ಸಿನಿಮಾ ನೋಡಬೇಡಿರಿ ಎಂದು ನಾವು ಹೇಳುವುದಿಲ್ಲ. ದಿನವಿಡೀ ದುಡಿದವನಿಗೆ ಎರಡು ತಾಸಿನ ಖುಷಿ ಬೇಕು. ನೋಡಿ ಬಂದ ಮೇಲೆ ಒಂದೇ ಪ್ರಶ್ನೆ ಕೇಳಿಕೊಳ್ಳೋಣ: ಇವನ ಅಪ್ಪ ಏನು ಮಾಡುತ್ತಿದ್ದ? ಅವನನ್ನು ಬಾಗಿಸಿದವರು ಯಾರು? ಆ ಮನೆಯ ಅವ್ವ ಎಲ್ಲಿದ್ದಳು? ಒಂದು ಹೋಗಿ ಮೂರಾಯಿತು, ಇರಲಿ.

ಇನ್ನೊಂದು ಕೆಲಸ. ಮುಂದಿನ ಸಭೆಗೆ ಬರುವಾಗ ಪ್ರತಿಯೊಬ್ಬರೂ ತಮ್ಮ ಅಪ್ಪನ, ಅವ್ವನ ಕೆಲಸದ ಬಗ್ಗೆ ಒಂದು ಪುಟ ಬರೆದು ತನ್ನಿರಿ. ಬರೆಯಲಿಕ್ಕೆ ಬಾರದವರು ಹೇಳಿರಿ, ಬರೆದುಕೊಳ್ಳುತ್ತೇವೆ. ಚರ್ಮ ಹದ ಮಾಡುವುದು ಹೇಗೆ, ಹಂಚು ಸುಡುವುದು ಹೇಗೆ, ಗೋಡೆಗೆ ಗುಂಡು ಹಿಡಿಯುವುದು ಹೇಗೆ, ಯಾರ ಮುಂದೆ ಯಾಕೆ ಬಾಗಬೇಕಾಯಿತು, ಎಲ್ಲಿ ಬಾಗಲಿಲ್ಲ. ಒಳ್ಳೆಯದನ್ನೂ ಬರೆಯಿರಿ, ಕೆಟ್ಟದ್ದನ್ನೂ ಬರೆಯಿರಿ. 'ವ್ಯಾಪಾರ' ಎಂದು ಮಾತ್ರ ಬರೆಯಬೇಡಿರಿ.

ಆ ಗೌಂಡಿ ಅಪ್ಪ ಇವತ್ತು ಇದೇ ಸಭೆಯಲ್ಲಿ ಬಾಗಿಲ ಹತ್ತಿರ ಕೂತಿದ್ದಾನೆ. ಕುರ್ಚಿ ಕೊಟ್ಟರೂ ನೆಲದ ಮೇಲೆ ಕೂತಿದ್ದಾನೆ, ಹಳೆಯ ರೂಢಿ. ಅಪ್ಪಾ, ನೀನು ಅವತ್ತು ಕೇಳಿದ್ದಕ್ಕೆ ಇಷ್ಟು ತಡವಾಗಿ ಉತ್ತರ ಹೇಳುತ್ತಿದ್ದೇವೆ. ನಿನ್ನನ್ನು ಆ ಸಿನಿಮಾದವರು ಮರೆತರು, ಅವರ ಜೊತೆ ಕೂತು ನಾವೂ ಮರೆತೆವು. ಅವರದು ಅವರಿಗಿರಲಿ, ನಮ್ಮ ತಪ್ಪನ್ನು ನಾವು ತಿದ್ದಿಕೊಳ್ಳುತ್ತೇವೆ. ಎದ್ದು ಬಾ, ಕುರ್ಚಿಯ ಮೇಲೆ ಕೂಡು.

ಜೈ ಭೀಮ್.